ಫೋನಿನ ಸ್ಮೃತಿ: ಗಾಜನೂರೆಷ್ಟು, ಲಕ್ಕವಳ್ಳಿಯೆಷ್ಟು?

ಭದ್ರಾವತಿಯ ಸಮೀಪದ ಹಳ್ಳಿಯೊಂದರಲ್ಲಿ ಅಡಕೆ ತೋಟ ಮಾಡಿಕೊಂಡಿರುವ, ನನಗೆ ಬಹುಕಾಲದಿಂದ ಪರಿಚಿತರಾದ ಹಿರಿಯರೊಬ್ಬರು ಕಳೆದ ಮಳೆಗಾಲದಲ್ಲಿ ಅರ್ಜಿಯೊಂದನ್ನು ತಮ್ಮ ಫೋನಿನಲ್ಲಿಯೇ ತುಂಬಲು ಕುಳಿತು, ಹೆಸರು, ಸರ್ವೆ ನಂಬರು, ಬ್ಯಾಂಕಿನ ಖಾತೆ ಎಲ್ಲವನ್ನೂ ತಾಳ್ಮೆಯಿಂದ ಬರೆದು, ಓಟಿಪಿ ನೋಡುವುದಕ್ಕೆಂದು ಸಂದೇಶಗಳ ಕಡೆಗೆ ಒಂದು ಗಳಿಗೆ ಹೋಗಿ ಮರಳುವಷ್ಟರಲ್ಲಿ, ಬರೆದುದೆಲ್ಲವೂ ಅಳಿಸಿಹೋಗಿ ಬರಿಯ ನಮೂನೆ ಮಾತ್ರ ಎದುರಿಗಿತ್ತು. ಮೂರು ಸಲ ಹೀಗಾದ ಮೇಲೆ ನನ್ನಲ್ಲಿಗೆ ಬಂದು, "ಮೇಷ್ಟ್ರೇ, ಮೆಮೊರಿ ಫುಲ್ ಆಗಿದೆ ಅಂತ ಮೊಮ್ಮಗ ಫೋಟೊ ಎಲ್ಲ ತೆಗೆದುಹಾಕಿದ, ಆದ್ರೂ ಹಂಗೇ ಆಗ್ತದೆ" ಎಂದರು. ಹಾಗೆ ತೆಗೆದುಹಾಕಿದವುಗಳಲ್ಲಿ ಮಗಳ ಮದುವೆಯ ಚಿತ್ರಗಳೂ ಇದ್ದವೆಂದು ತಿಳಿದಾಗ ನನಗೆ ನಿಜವಾಗಿಯೂ ವ್ಯಥೆಯಾಯಿತು. ಎರಡು ಬೇರೆ ಬೇರೆ ವಸ್ತುಗಳನ್ನು ನಾವು 'ಮೆಮೊರಿ' ಎಂಬ ಒಂದೇ ಮಾತಿನಿಂದ ಕರೆಯುತ್ತಿರುವುದೇ ಈ ನಷ್ಟಕ್ಕೆ ಮೂಲ.

ಈ ಭೇದವನ್ನು ತಿಳಿಯುವುದಕ್ಕೆ ಶಿವಮೊಗ್ಗೆಯ ಸೀಮೆಯವರು ದೂರ ಹೋಗಬೇಕಾದುದಿಲ್ಲ. ತುಂಗೆಗೆ ಗಾಜನೂರಿನಲ್ಲಿ ಒಂದು ಅಣೆಕಟ್ಟು, ಭದ್ರೆಗೆ ಲಕ್ಕವಳ್ಳಿಯಲ್ಲಿ ಇನ್ನೊಂದು. ಗಾಜನೂರಿನದು ಮೂರು ಟಿಎಂಸಿಗಿಂತ ತುಸು ಹೆಚ್ಚು ನೀರು ಹಿಡಿಯುವ ಚಿಕ್ಕ ಜಲಾಶಯ. ಮುಂಗಾರು ಬಿರುಸಾದ ಕೆಲವೇ ದಿನಗಳಲ್ಲಿ ಅದು ತುಂಬುತ್ತದೆ, ಗೇಟುಗಳು ತೆರೆಯುತ್ತವೆ, ಬಂದ ನೀರು ಮುಂದೆ ಹರಿಯುತ್ತದೆ. ಲಕ್ಕವಳ್ಳಿಯದಾದರೋ 71 ಟಿಎಂಸಿಗೂ ಮಿಕ್ಕ ನೀರನ್ನು 186 ಅಡಿಯವರೆಗೆ ಕೂಡಿಟ್ಟು, ಬೇಸಗೆಯ ಬೆಳೆಗೂ ಒದಗಿಸುವ ಭಂಡಾರ. ಫೋನಿನಲ್ಲಿ 'ರ್‍ಯಾಮ್' ಎಂಬುದು ಗಾಜನೂರು. 'ಸ್ಟೋರೇಜ್' ಎಂಬುದು ಲಕ್ಕವಳ್ಳಿ. ನಮ್ಮ ಹಿರಿಯರಿಗೆ ಸಾಲದೆ ಬಂದುದು ಗಾಜನೂರು, ಮೊಮ್ಮಗ ಬರಿದುಮಾಡಿದ್ದು ಲಕ್ಕವಳ್ಳಿಯನ್ನು.

ಇವೆರಡರ ರಚನೆಯೇ ಬೇರೆ. ಐಬಿಎಂ ಸಂಸ್ಥೆಯ ರಾಬರ್ಟ್ ಡೆನಾರ್ಡ್ ಅವರು ರೂಪಿಸಿ 1968ರಲ್ಲಿ ಪೇಟೆಂಟು ಪಡೆದ ವಿಧಾನದಲ್ಲಿ, ಒಂದು ಟ್ರಾನ್ಸಿಸ್ಟರು ಮತ್ತು ಒಂದು ಅತಿಸೂಕ್ಷ್ಮ ಕೆಪಾಸಿಟರು ಸೇರಿ ಒಂದು ಬಿಟ್‌ಅನ್ನು, ಅಂದರೆ ಒಂದು 'ಹೌದು' ಅಥವಾ 'ಅಲ್ಲ' ಎಂಬುದನ್ನು, ವಿದ್ಯುದಾವೇಶದ ರೂಪದಲ್ಲಿ ಹಿಡಿದಿಡುತ್ತವೆ. ಇಂದಿನ ಫೋನಿನ ರ್‍ಯಾಮ್ ಕೂಡ ಇದೇ ವಂಶದ್ದು. ಆ ಆವೇಶ ಸದಾ ಸೋರುತ್ತಿರುವುದರಿಂದ ಸೆಕೆಂಡಿಗೆ ಹತ್ತಾರು ಬಾರಿ ಅದನ್ನು ಓದಿ ಮರಳಿ ತುಂಬಬೇಕು. ವಿದ್ಯುತ್ತು ನಿಂತೊಡನೆ ಸ್ಮೃತಿಯೂ ಇಲ್ಲವಾಗುತ್ತದೆ. ಸ್ಟೋರೇಜಿನ ಫ್ಲಾಷ್ ಸ್ಮೃತಿಯು 1980ರ ದಶಕದಲ್ಲಿ ಜಪಾನಿನ ತೋಷಿಬಾ ಸಂಸ್ಥೆಯಲ್ಲಿ ಫುಜಿಯೊ ಮಸುವೊಕಾ ಅವರ ಶೋಧನೆಯಿಂದ ಬಂದುದು. ಅಲ್ಲಿ ಎಲೆಕ್ಟ್ರಾನುಗಳನ್ನು ನಿರೋಧಕದ ಗೋಡೆಯೊಳಗೆ ಬಂಧಿಸಿಡುವುದರಿಂದ, ಫೋನು ಆರಿದರೂ ಅವು ವರ್ಷಗಟ್ಟಲೆ ನಿಲ್ಲುತ್ತವೆ. ಆದರೆ ಅದರ ವೇಗ ಕಡಮೆ, ಅಳಿಸಿ ಬರೆಯುವ ಆವರ್ತನೆಗಳಿಗೂ ಮಿತಿಯುಂಟು.

ಈಗ ಹಿರಿಯರ ನಮೂನೆಗೆ ಏನಾಯಿತೆಂಬುದು ಸ್ಪಷ್ಟವಾಗುತ್ತದೆ. ಅವರ ಹಳೆಯ ಫೋನಿನ ರ್‍ಯಾಮ್ 2 ಜಿಬಿ. ಸಂದೇಶಗಳನ್ನು ತೆರೆದೊಡನೆ ಸ್ಥಳ ಸಾಲದೆ, ಕಣ್ಣೆದುರಿಗಿಲ್ಲದ ಬ್ರೌಸರನ್ನು ಆಂಡ್ರಾಯ್ಡ್ ವ್ಯವಸ್ಥೆ ಹೊರಗೆ ಕಳುಹಿಸಿತು. ಅವರು ಮರಳಿದಾಗ ಪುಟವನ್ನು ಮೊದಲಿನಿಂದ ತಂದಿತು. ರ್‍ಯಾಮ್ ಸಾಲದೆಂಬುದಕ್ಕೆ ಇದೇ ನಿಜವಾದ ಲಕ್ಷಣ. ರ್‍ಯಾಮ್ ಬಹುಪಾಲು ತುಂಬಿರುವುದು ಲಕ್ಷಣವಲ್ಲ, ಏಕೆಂದರೆ ಖಾಲಿಯಿಟ್ಟ ರ್‍ಯಾಮಿನಿಂದ ಪ್ರಯೋಜನವಿಲ್ಲ. ಇತ್ತೀಚೆಗೆ ಬಳಸಿದ ಆ್ಯಪ್‌ಗಳನ್ನು ಅದರಲ್ಲಿ ಸಿದ್ಧವಾಗಿಟ್ಟುಕೊಳ್ಳುವುದೇ ಜಾಣತನ. ಗಾಜನೂರು ತುಂಬಿತೆಂದು ನಾವು ಸಂತೋಷಪಡುತ್ತೇವಲ್ಲದೆ ದುಃಖಿಸುವುದಿಲ್ಲವಷ್ಟೆ. ಆದುದರಿಂದ ಗಳಿಗೆಗೊಮ್ಮೆ ಎಲ್ಲ ಆ್ಯಪ್‌ಗಳನ್ನೂ ಬೆರಳಿನಿಂದ ತಳ್ಳಿ ಮುಚ್ಚುವ ಅಭ್ಯಾಸವನ್ನು ಬಿಡಬೇಕೆಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದೇನೆ. ಹಾಗೆ ಮುಚ್ಚಿದುದನ್ನು ಪುನಃ ತೆರೆಯುವಾಗ ಸ್ಟೋರೇಜಿನಿಂದ ಹೊಸದಾಗಿ ಎತ್ತಿ ತರಬೇಕಾಗಿ, ಕಾಲವೂ ಬ್ಯಾಟರಿಯೂ ಹೆಚ್ಚಾಗಿಯೇ ವ್ಯಯವಾಗುತ್ತವೆ.

ಹಾಗಾದರೆ ಎಷ್ಟು ಬೇಕು? 2008ರಲ್ಲಿ ಬಂದ ಮೊದಲ ಆಂಡ್ರಾಯ್ಡ್ ಫೋನಿನ ರ್‍ಯಾಮ್ 192 ಎಂಬಿ ಮಾತ್ರ ಇತ್ತೆಂಬುದನ್ನು ನೆನೆದರೆ, ಈ ಅಗತ್ಯ ನಮ್ಮ ಕೆಲಸದಿಂದ ಬೆಳೆದುದಕ್ಕಿಂತ ತಂತ್ರಾಂಶಗಳ ಗಾತ್ರದಿಂದ ಬೆಳೆದುದೆಂದು ತೋರುತ್ತದೆ. ವಾಟ್ಸಾಪ್, ಹಣ ಪಾವತಿ, ಯೂಟ್ಯೂಬ್, ಕ್ಯಾಮೆರಾ, ಆಗೊಂದು ಈಗೊಂದು ಅರ್ಜಿ ಎಂಬಷ್ಟು ಬಳಕೆಯವರಿಗೆ ಇಂದು 6 ಜಿಬಿ ಸಾಕೆಂದು ನನ್ನ ಮತ. ಐದು ವರ್ಷ ಒಂದೇ ಫೋನನ್ನು ಬಳಸುವೆನೆನ್ನುವವರು 8 ಜಿಬಿಯದನ್ನು ಕೊಳ್ಳಲಿ. 12, 16 ಎಂಬ ಸಂಖ್ಯೆಗಳು ದೊಡ್ಡ ಆಟಗಳನ್ನಾಡುವವರಿಗೆ, ವಿಡಿಯೊ ಸಂಕಲನ ಮಾಡುವವರಿಗೆ. '8+8' ಎಂದು ಬರೆದಿರುವಲ್ಲಿ ಎರಡನೆಯ ಎಂಟು ರ್‍ಯಾಮ್ ಅಲ್ಲವೇ ಅಲ್ಲ. ಸ್ಟೋರೇಜಿನಿಂದ ಕಡ ತಂದ ನಿಧಾನದ ಸ್ಥಳ ಅದು, ಲಕ್ಕವಳ್ಳಿಯ ಒಂದು ಮೂಲೆಗೆ ಗಾಜನೂರೆಂಬ ಹೆಸರಿಟ್ಟಂತೆ.

ಸ್ಟೋರೇಜಿನ ಲೆಕ್ಕ ಇನ್ನೂ ಸುಲಭ. ಯೂನಿಕೋಡಿನ ಸಾಮಾನ್ಯ ಬಳಕೆಯ ರೂಪದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟುಗಳು ಬೇಕು. 'ಕ್ಷ' ಎಂಬ ಸಂಯುಕ್ತಾಕ್ಷರ ಮೂರು ಸಂಕೇತಗಳಿಂದಾದುದರಿಂದ ಅದಕ್ಕೆ 9. ಆದರೂ ಪುಟಕ್ಕೆ 2,000 ಸಂಕೇತಗಳಂತೆ 700 ಪುಟದ ಕಾದಂಬರಿಯೊಂದು 42 ಲಕ್ಷ ಬೈಟು, ಅಂದರೆ ಸುಮಾರು 4 ಎಂಬಿ. ಅದರ ರಕ್ಷಾಪುಟದ ಒಂದು ಫೋಟೊ ತೆಗೆದರೂ ಹೆಚ್ಚುಕಡಮೆ ಅಷ್ಟೇ ಆಗುತ್ತದೆ. ಜೋಗದ ಜಲಪಾತವನ್ನು ಒಂದು ನಿಮಿಷ ವಿಡಿಯೊ ಹಿಡಿದರೆ 100 ಎಂಬಿ ಹೋಗುವುದುಂಟು. ಲಕ್ಕವಳ್ಳಿಯನ್ನು ತುಂಬುವುದು ಅಕ್ಷರವಲ್ಲ, ಚಲಿಸುವ ಚಿತ್ರ. ಅದರಲ್ಲಿಯೂ ನಾಲ್ಕಾರು ಗುಂಪುಗಳಿಂದ ಬಂದು ಬೀಳುವ, ಯಾರೂ ಎರಡನೆಯ ಸಲ ನೋಡದ ವಿಡಿಯೊಗಳು. ಮೊಮ್ಮಗ ಮೊದಲು ತೆಗೆಯಬೇಕಾಗಿದ್ದುದು ಅವನ್ನು. ಅವಿಷ್ಟನ್ನು ಆಗಾಗ ಗುಡಿಸಿದರೆ ಬಹುಮಂದಿಗೆ 128 ಜಿಬಿ ಧಾರಾಳ.

ಶಿವಮೊಗ್ಗೆಯ ನೆಹರೂ ರಸ್ತೆಯ ಅಂಗಡಿಯೊಂದಕ್ಕೆ ಹಿರಿಯರೊಡನೆ ನಾನೂ ಹೋದೆ. ಅಂಗಡಿಯ ಹುಡುಗ ಮೊದಲು "ಟ್ವೆಲ್ವ್ ಟೂ ಫಿಫ್ಟಿ ಸಿಕ್ಸ್ ತಗೊಳ್ಳಿ ಸರ್, ಹ್ಯಾಂಗೇ ಆಗಲ್ಲ" ಎಂದನಾದರೂ, ಬಳಕೆಯನ್ನು ವಿವರಿಸಿದ ಮೇಲೆ ತಾನೇ 6 ಜಿಬಿ ರ್‍ಯಾಮ್, 128 ಜಿಬಿ ಸ್ಟೋರೇಜಿನ ಫೋನನ್ನು ತೆಗೆದು ಮುಂದಿಟ್ಟನು. ಸಂಜೆ ಮನೆಯ ಜಗಲಿಯಲ್ಲಿ ಕುಳಿತು ಹಿರಿಯರು ಅದೇ ಅರ್ಜಿಯನ್ನು ನಾಲ್ಕನೆಯ ಸಲ ತುಂಬಿದರು; ಓಟಿಪಿ ಬಂದಿತು; ಸಂದೇಶಗಳಿಗೆ ಹೋಗಿ ಆ ಆರು ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಂಡು ಮರಳಿದರು. ಸರ್ವೆ ನಂಬರು ಇದ್ದಲ್ಲಿಯೇ ಇತ್ತು.