ಅನ್ನವೇ ಔಷಧ, ಮನೆಯವರೇ ಶುಶ್ರೂಷಕರು

ಹದಿನಾಲ್ಕು ಹದಿನೈದರ ಮಗಳು ತಟ್ಟೆಯ ಮುಂದೆ ಕುಳಿತು ‘ಹಸಿವಿಲ್ಲ’ ಎಂದರೆ ನಾವು ಅಜೀರ್ಣವೆನ್ನುತ್ತೇವೆ. ವಾರಕ್ಕೆರಡು ಉಪವಾಸ ಹಿಡಿದರೆ ದೈವಭಕ್ತಿಯೆಂದು ಮೆಚ್ಚುವುದೂ ಉಂಟು. ಆದರೆ ತೂಕ ಒಂದೇ ಸಮನೆ ಇಳಿದು, ಮುಟ್ಟು ನಿಂತು, ಕೈಕಾಲು ತಣ್ಣಗಾಗುತ್ತಿದ್ದರೂ ಆಕೆ ತಾನು ದಪ್ಪಗಿರುವೆನೆಂದೇ ಸಾಧಿಸುತ್ತಿದ್ದರೆ ಅದು ಅನೊರೆಕ್ಸಿಯ ನರ್ವೋಸ ಎಂಬ ಮನೋವ್ಯಾಧಿಯಿರಬಹುದು. ಗಂಡುಮಕ್ಕಳಿಗೂ ಇದು ಬರುವುದುಂಟು. ಪ್ರಾಣಾಪಾಯವುಳ್ಳ ರೋಗವಿದು.

1870ರ ದಶಕದಲ್ಲಿ ಈ ಹೆಸರನ್ನಿಟ್ಟ ಲಂಡನ್ನಿನ ವೈದ್ಯ ವಿಲಿಯಂ ಗಲ್, ಇಂಥ ರೋಗಿಗಳ ಶುಶ್ರೂಷೆಗೆ ಬಂಧುಗಳು ಸಲ್ಲರೆಂದು ಬಗೆದಿದ್ದರು. ಹೆತ್ತವರನ್ನು ದೂರವಿರಿಸುವ, ಅವರನ್ನೇ ದೂರುವ ಪರಿಪಾಠ ಬಹುಕಾಲ ನಡೆಯಿತು. ಅದನ್ನು ತಿರುಗಿಸಿದ್ದು ಅದೇ ನಗರದ ಮಾಡ್ಸ್ಲಿ ಆಸ್ಪತ್ರೆ. ರೋಗವು 19 ವರ್ಷ ತುಂಬುವ ಮುನ್ನ ಆರಂಭವಾಗಿ, ಹಳತಾಗದಿದ್ದವರಿಗೆ ಕುಟುಂಬ ಚಿಕಿತ್ಸೆಯೇ ಹೆಚ್ಚು ಫಲಕಾರಿಯೆಂದು ಜೆರಾಲ್ಡ್ ರಸೆಲ್ ಮತ್ತು ಸಂಗಡಿಗರು 1987ರಲ್ಲಿ ತೋರಿಸಿಕೊಟ್ಟರು.

ಈ ಕ್ರಮದಲ್ಲಿ ಏನನ್ನು, ಎಷ್ಟು ಉಣ್ಣಬೇಕೆಂಬುದನ್ನು ಮೊದಲು ತಂದೆತಾಯಿಗಳೇ ನಿರ್ಧರಿಸುತ್ತಾರೆ. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಚಿಕಿತ್ಸಕರ ಕೊಠಡಿಗೇ ಹೋಗಿ ಉಣ್ಣುವ ಪದ್ಧತಿಯೂ ಇದೆ. ಎಲ್ಲಿ ಮಾತು ಹರಿತವಾಗುತ್ತದೆ, ಎಲ್ಲಿ ತಾಯಿ ಸೋತು ತಟ್ಟೆ ಎತ್ತಿಬಿಡುತ್ತಾಳೆ ಎಂಬುದನ್ನು ಅವರು ಕಣ್ಣಾರೆ ಕಾಣುತ್ತಾರೆ. ಗದರಿಕೆ ಕೂಡದು, ತರ್ಕವೂ ಕೂಡದು. ಹಟ ರೋಗದ್ದೇ ಹೊರತು ಮಗುವಿನದಲ್ಲ. ತೂಕ ಸುಧಾರಿಸಿದಂತೆ ಊಟದ ಹೊಣೆ ಮೆಲ್ಲಮೆಲ್ಲನೆ ಮಗುವಿಗೇ ಮರಳುತ್ತದೆ. ಹರೆಯದ ಇತರ ತೊಡಕುಗಳ ವಿಚಾರ ಕೊನೆಗೆ. ಒಟ್ಟು ಆರು ತಿಂಗಳಿಂದ ಒಂದು ವರ್ಷ.

ಮೊದಲು ಮನಸ್ಸನ್ನೇಕೆ ತಿದ್ದಬಾರದೆಂದು ಓದುಗರು ಕೇಳಬಹುದು. 1944–45ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ 36 ಮಂದಿ ಆರೋಗ್ಯವಂತ ಯುವಕರನ್ನು ಅರೆಹೊಟ್ಟೆಯಲ್ಲಿರಿಸಿ ಪರೀಕ್ಷಿಸಿದಾಗ, ಅವರೂ ಖಿನ್ನರಾಗಿ, ಸಿಡುಕರಾಗಿ, ಹಗಲಿರುಳು ಅನ್ನದ ಚಿಂತೆಯಲ್ಲೇ ಮುಳುಗಿದರು. ಹಸಿದ ಮೆದುಳಿಗೆ ಬುದ್ಧಿವಾದ ನಾಟುವುದಿಲ್ಲ.

ಇದು ರಾಮಬಾಣವೇನಲ್ಲ. 2010ರ ಅಮೆರಿಕದ ಅಧ್ಯಯನವೊಂದರಲ್ಲಿ, ಚಿಕಿತ್ಸೆ ಮುಗಿದು ವರ್ಷವಾದಾಗ, ಕುಟುಂಬ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 49 ಮಂದಿ ಪೂರ್ಣ ಚೇತರಿಸಿಕೊಂಡಿದ್ದರು. ಏಕವ್ಯಕ್ತಿ ಚಿಕಿತ್ಸೆಯಲ್ಲಿ 23. ಉಳಿದವರಿಗೆ ಆಕ್ಸ್‌ಫರ್ಡಿನ ಫೇರ್‌ಬರ್ನ್ ರೂಪಿಸಿದ ಚಿಂತನ-ವರ್ತನ ಚಿಕಿತ್ಸೆಯಂಥ ಬೇರೆ ದಾರಿಗಳಿವೆ. ರೋಗವನ್ನೇ ವಾಸಿಮಾಡುವ ಮಾತ್ರೆ ಮಾತ್ರ ಇಲ್ಲ. ತೀರ ಬಡವಾದ ದೇಹಕ್ಕೆ ಒಮ್ಮೆಲೇ ಉಣಿಸಿದರೆ ರಕ್ತದಲ್ಲಿ ಫಾಸ್ಫೇಟ್ ಕುಸಿದು ಹೃದಯಕ್ಕೇ ಅಪಾಯ. ಆದಕಾರಣ ಮೊದಲು ವೈದ್ಯರು ನಾಡಿ, ರಕ್ತವನ್ನು ಪರೀಕ್ಷಿಸಲೇಬೇಕು.

ಲೋಕಲ್ ರೈಲು ಹಿಡಿದು ಇಬ್ಬರೂ ದುಡಿಯಹೋಗುವ ನಮ್ಮ ಮನೆಗಳಲ್ಲಿ ಮಧ್ಯಾಹ್ನ ಮಗುವಿನ ಜೊತೆ ಕೂರುವವರಾರು? ಕೆಲವು ವಾರ ಸರದಿಯಂತೆ ರಜೆ ಹಾಕಬೇಕಾದೀತು. ಊರಿನಿಂದ ಅಜ್ಜಿಯನ್ನು ಕರೆಸಿಕೊಳ್ಳಬಹುದು. ಆದರೆ ‘ಈಗ ಮೈಕೈ ತುಂಬಿಕೊಂಡಿದ್ದೀಯಮ್ಮ’ ಎಂಬ ಮೆಚ್ಚುಗೆಯೇ ಮಗುವಿನ ಕಿವಿಗೆ ಬೈಗುಳವಾಗಿ ಕೇಳಿಸೀತೆಂದು ಅವರಿಗೆ ಮೊದಲೇ ತಿಳಿಸಿಡತಕ್ಕದ್ದು.