ತವರಿನ ಬಿಯರು, ಅಮೆರಿಕದ ಬಿಯರು: ರುಚಿಯ ಹಿಂದಿರುವ ಭೌತವಿಜ್ಞಾನ

ಇಂಗ್ಲೆಂಡನ್ನು ಬಿಟ್ಟು ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ನೆಲಸಿದ ಬ್ರಿಟಿಷರು ಒಂದೆಡೆ ಕಲೆತಾಗ ಬಿಯರಿನ ಮಾತು ತಪ್ಪದೆ ಬರುತ್ತದೆ. ಅಮೆರಿಕದ ಬಿಯರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರುತ್ತದೆ, ಗುಳ್ಳೆಗಳಿಂದ ಹೊಟ್ಟೆಯುಬ್ಬಿಸುತ್ತದೆ, ಹಾಪ್ ಹೂವಿನ ಕಹಿಯು ಉಳಿದ ರುಚಿಯನ್ನೆಲ್ಲ ನುಂಗಿಬಿಡುತ್ತದೆ ಎಂಬುದು ಅವರ ದೂರು. ಅಮೆರಿಕದವರ ಪ್ರತ್ಯುತ್ತರವೂ ಸಿದ್ಧವಾಗಿಯೇ ಇರುತ್ತದೆ: ಇಂಗ್ಲೆಂಡಿನ ಬಿಯರು ಬೆಚ್ಚಗಿರುತ್ತದೆ, ಗಾಳಿ ಹೋದ ಸೋಡಾದಂತೆ ಸಪ್ಪೆಯಾಗಿರುತ್ತದೆ. ಹೊರನಾಡಿಗೆ ಹೋದ ನಮ್ಮವರು ಅಲ್ಲಿಯ ಕಾಫಿಯನ್ನು ಕುರಿತು ಆಡುವ ಮಾತನ್ನು ಕೇಳಿದವರಿಗೆ ಈ ಧಾಟಿ ಹೊಸದೇನಲ್ಲ. ಇಂಥ ಜಗಳವನ್ನು ತವರಿನ ಹಂಬಲವೆಂದು ತಳ್ಳಿಹಾಕುವುದು ಸುಲಭ. ಆದರೆ ಉಷ್ಣಮಾಪಕವನ್ನೂ ಒತ್ತಡಮಾಪಕವನ್ನೂ ಹಿಡಿದು ನೋಡಿದರೆ ಎರಡು ಪಕ್ಷದವರ ಮಾತಿನಲ್ಲಿಯೂ ಅಳೆಯಬಹುದಾದ ಅಂಶ ಬಹಳಷ್ಟಿದೆಯೆಂದು ಕಂಡುಬರುತ್ತದೆ. ಪಾನದ ಪರವಾಗಿ ವಾದಿಸುವುದು ನಮ್ಮ ಉದ್ದೇಶವಲ್ಲ. ಬಿಯರನ್ನು ಬಾಯಿಗಿಡದ ವಾಚಕರೂ ಗೋಲಿಸೋಡಾವನ್ನು ಕುಡಿದೇ ಇರುತ್ತಾರೆ. ಈ ವಿಷಯವನ್ನು ತಿಳಿಯಲು ಅಷ್ಟು ಅನುಭವ ಸಾಕು.

ಬಿಯರಿನ ಮೂಲದ್ರವ್ಯಗಳು ನಾಲ್ಕೇ: ನೀರು, ಬಾರ್ಲಿ, ಹಾಪ್ ಎಂಬ ಬಳ್ಳಿಯ ಹೂ, ಯೀಸ್ಟ್. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್ ಆಗುತ್ತದೆ. ಅದನ್ನು ಬಿಸಿನೀರಿನಲ್ಲಿ ಕದಡಿದಾಗ ಅದರ ಪಿಷ್ಟವು ಸಕ್ಕರೆಯಾಗಿ ನೀರಿಗಿಳಿಯುತ್ತದೆ. ಈ ಸಿಹಿನೀರನ್ನು ಹಾಪಿನೊಡನೆ ಕುದಿಸಿ, ಆರಿಸಿ, ಯೀಸ್ಟನ್ನು ಬೆರಸಿದರೆ ಹುದುಗುವಿಕೆ ಆರಂಭವಾಗಿ ಸಕ್ಕರೆಯಿಂದ ಮದ್ಯಸಾರವೂ ಇಂಗಾಲದ ಡೈಆಕ್ಸೈಡ್ ಅನಿಲವೂ ಹುಟ್ಟುತ್ತವೆ. ಇಲ್ಲಿಯವರೆಗೆ ಎರಡು ದೇಶಗಳ ದಾರಿಯೂ ಒಂದೇ. ಈ ಅನಿಲವನ್ನು ಎಷ್ಟರಮಟ್ಟಿಗೆ ಉಳಿಸಿಕೊಳ್ಳಬೇಕೆಂಬಲ್ಲಿ ದಾರಿ ಕವಲೊಡೆಯುತ್ತದೆ.

ಈ ಅನಿಲದ ಚರಿತ್ರೆಯಲ್ಲಿಯೂ ಅಮೆರಿಕಕ್ಕೆ ವಲಸೆಹೋದ ಇಂಗ್ಲಿಷರೊಬ್ಬರು ಬರುವುದು ಸ್ವಾರಸ್ಯವಾದ ಸಂಗತಿ. ಜೋಸೆಫ್ ಪ್ರೀಸ್ಟ್ಲಿಯವರು 1767ರಲ್ಲಿ ಲೀಡ್ಸ್ ನಗರದಲ್ಲಿ ಒಂದು ಬ್ರೂವರಿಯ ನೆರೆಯಲ್ಲಿ ವಾಸವಾಗಿದ್ದರು. ಹುದುಗುವ ತೊಟ್ಟಿಗಳ ಮೇಲೆ ಭಾರವಾದ ಗಾಳಿಯೊಂದು ಮಡುಗಟ್ಟಿ ನಿಲ್ಲುವುದನ್ನು ಗಮನಿಸಿ, ಅದನ್ನು ನೀರಿನಲ್ಲಿ ಕರಗಿಸುವ ಪ್ರಯೋಗಗಳನ್ನು ಅವರು ಮಾಡಿದರು. 1772ರಲ್ಲಿ ಆ ವಿಧಾನವನ್ನು ಪ್ರಕಟಿಸಿದರು. ನಮ್ಮ ಗೋಲಿಸೋಡಾದ ಮೂಲಪುರುಷರು ಅವರೇ. 1794ರಲ್ಲಿ ಅವರು ದೇಶವನ್ನು ತೊರೆದು ಪೆನ್ಸಿಲ್ವೇನಿಯಕ್ಕೆ ಹೋಗಿ ಅಲ್ಲಿಯೇ ತೀರಿಕೊಂಡರು. ಅವರ ನಂತರ ಮ್ಯಾಂಚೆಸ್ಟರಿನ ವಿಲಿಯಂ ಹೆನ್ರಿಯವರು 1803ರಲ್ಲಿ ಒಂದು ನಿಯಮವನ್ನು ನಿರೂಪಿಸಿದರು: ಉಷ್ಣತೆ ಒಂದೇ ಇರುವಾಗ, ದ್ರವದಲ್ಲಿ ಕರಗುವ ಅನಿಲದ ಮೊತ್ತವು ದ್ರವದ ಮೇಲಿರುವ ಆ ಅನಿಲದ ಒತ್ತಡಕ್ಕೆ ಅನುಪಾತದಲ್ಲಿರುತ್ತದೆ. ಉಷ್ಣತೆ ಏರಿದರೆ ಕರಗುವ ಮೊತ್ತ ಇಳಿಯುತ್ತದೆ. ವಾಯುಮಂಡಲದ ಒತ್ತಡದಷ್ಟೇ ಒತ್ತಡವಿರುವ ಇಂಗಾಲದ ಡೈಆಕ್ಸೈಡಿನ ಕೆಳಗೆ ಒಂದು ಲೀಟರು ನೀರು 0 ಡಿಗ್ರಿ ಸೆಂಟಿಗ್ರೇಡಿನಲ್ಲಿ ಸುಮಾರು 1.7 ಲೀಟರು ಅನಿಲವನ್ನು ಕರಗಿಸಿಕೊಳ್ಳಬಲ್ಲದು. 10 ಡಿಗ್ರಿಯಲ್ಲಿ 1.2 ಲೀಟರು, 20 ಡಿಗ್ರಿಯಲ್ಲಿ 0.9 ಲೀಟರು ಮಾತ್ರ.

ಇಷ್ಟನ್ನು ತಿಳಿದುಕೊಂಡು ಇಂಗ್ಲೆಂಡಿನ ಪಬ್ಬಿನ ನೆಲಮಾಳಿಗೆಗೆ ಇಳಿಯೋಣ. ಅಲ್ಲಿ ಸಾಂಪ್ರದಾಯಿಕ ಏಲ್ ಬಿಯರು ಪೀಪಾಯಿಯಲ್ಲಿ ಮಲಗಿರುತ್ತದೆ. ಅದರೊಳಗೆ ಜೀವಂತ ಯೀಸ್ಟ್ ಇರುವುದರಿಂದ ಹುದುಗುವಿಕೆ ಇನ್ನೂ ನಿಧಾನವಾಗಿ ನಡೆದಿರುತ್ತದೆ. ಪೀಪಾಯಿಯ ಮೇಲಿನ ತೂತಿಗೆ ಸೂಕ್ಷ್ಮರಂಧ್ರಗಳಿರುವ ಮೆತುಮರದ ಬೆಣೆಯೊಂದನ್ನು ಬಡಿದಿರುತ್ತಾರೆ; ಹೆಚ್ಚಾದ ಅನಿಲವು ಅದರ ಮೂಲಕ ಹೊರಬೀಳುತ್ತದೆ. ಎಂದರೆ ಒಳಗಿನ ಒತ್ತಡವು ಹೊರಗಿನ ವಾಯುಮಂಡಲದ ಒತ್ತಡಕ್ಕೆ ಬಂದು ನಿಲ್ಲುತ್ತದೆ. ನೆಲಮಾಳಿಗೆಯ ಉಷ್ಣತೆ 11ರಿಂದ 13 ಡಿಗ್ರಿ. ಈ ಎರಡು ಸಂಖ್ಯೆಗಳು ನಿಶ್ಚಯವಾದ ಮೇಲೆ ಬಿಯರಿನಲ್ಲಿ ಉಳಿಯುವ ಅನಿಲವೂ ನಿಶ್ಚಯವಾದಂತೆಯೇ: ಲೀಟರಿಗೆ ಸುಮಾರು 1.1 ಲೀಟರು. ಅಮೆರಿಕದವರು ಸಪ್ಪೆಯೆಂದು ಕರೆಯುವುದು ಹೆನ್ರಿಯ ನಿಯಮದ ನೇರವಾದ ಫಲ. ಪಬ್ಬಿನವನ ಅಲಕ್ಷ್ಯವೇನೂ ಅದರಲ್ಲಿಲ್ಲ. ಬೆಚ್ಚಗಿದೆ ಎಂಬ ಆಕ್ಷೇಪಣೆಯಂತೂ ಅತಿಶಯೋಕ್ತಿ. 12 ಡಿಗ್ರಿಯೆಂದರೆ ಬೆಂಗಳೂರಿನ ಜನವರಿ ತಿಂಗಳ ಮುಂಜಾವಿನ ಚಳಿಗಿಂತಲೂ ತಂಪು.

ಅಮೆರಿಕದ ಕ್ರಾಫ್ಟ್ ಬಿಯರನ್ನು, ಎಂದರೆ ಸಣ್ಣ ಸ್ವತಂತ್ರ ಬ್ರೂವರಿಗಳ ಬಿಯರನ್ನು, ಸಾಮಾನ್ಯವಾಗಿ ಭದ್ರವಾಗಿ ಮುಚ್ಚಿದ ಲೋಹದ ಪೀಪಾಯಿಯಲ್ಲಿ 3 ಅಥವಾ 4 ಡಿಗ್ರಿಯಲ್ಲಿಟ್ಟು, ಹೊರಗಿನಿಂದ ಅನಿಲದ ಒತ್ತಡವನ್ನು ಕೊಟ್ಟು ಬಡಿಸುತ್ತಾರೆ. ಅದರಲ್ಲಿ ಕರಗಿರುವ ಅನಿಲ ಲೀಟರಿಗೆ ಸುಮಾರು 2.5 ಲೀಟರು, ಇಂಗ್ಲಿಷ್ ಏಲಿನ ಎರಡರಷ್ಟಕ್ಕೂ ಹೆಚ್ಚು. 3 ಡಿಗ್ರಿಯಲ್ಲಿ ಇದನ್ನು ಹಿಡಿದಿಡಲು ವಾಯುಮಂಡಲದ ಒಂದೂವರೆಯಷ್ಟಕ್ಕಿಂತ ತುಸು ಹೆಚ್ಚಿನ ಒತ್ತಡ ಸಾಕು. ಅದೇ ಬಿಯರನ್ನು 12 ಡಿಗ್ರಿಗೆ ಬೆಚ್ಚಗೆ ಮಾಡಿದರೆ 2.2ರಷ್ಟು ಒತ್ತಡ ಬೇಕಾಗುತ್ತದೆ. ನಲ್ಲಿ ತಿರುಗಿಸಿದರೆ ಗ್ಲಾಸಿನ ತುಂಬ ನೊರೆಯೇ ಬಂದೀತು. ಆದಕಾರಣ ತಂಪು ಮತ್ತು ಗುಳ್ಳೆ ಎಂಬ ಎರಡು ದೂರುಗಳು ವಾಸ್ತವವಾಗಿ ಒಂದೇ ದೂರು. ಗುಳ್ಳೆ ಬೇಕೆಂದವನು ತಂಪನ್ನೂ ಒಪ್ಪಿಕೊಳ್ಳಬೇಕು. ಗುಳ್ಳೆ ಬೇಡವೆಂದವನಿಗೆ ಮಾತ್ರ ನೆಲಮಾಳಿಗೆಯ ಹದ ದಕ್ಕುತ್ತದೆ.

ಗುಳ್ಳೆಯ ಚುರುಕು ಬರಿಯ ಚುಚ್ಚುವಿಕೆಯೆಂದು ಬಹುಕಾಲ ತಿಳಿದಿದ್ದರು. 2009ರಲ್ಲಿ ಪ್ರಕಟವಾದ ಸಂಶೋಧನೆಯಿಂದ, ನಾಲಗೆಯ ಹುಳಿಯನ್ನು ಗ್ರಹಿಸುವ ಜೀವಕೋಶಗಳ ಮೇಲಿರುವ ಕಿಣ್ವವೊಂದು ಈ ಅನಿಲವನ್ನು ಆಮ್ಲವಾಗಿ ಮಾರ್ಪಡಿಸುತ್ತದೆಂದೂ, ನಾವು ಅನಿಲವನ್ನೇ ರುಚಿನೋಡುತ್ತೇವೆಂದೂ ತಿಳಿಯಿತು. ಎತ್ತರದ ಪರ್ವತಗಳನ್ನೇರುವವರು ಸೇವಿಸುವ ಅಸೆಟಜೋಲಮೈಡ್ ಎಂಬ ಔಷಧಿಯು ಇಂಥ ಕಿಣ್ವಗಳನ್ನು ತಡೆಯುತ್ತದೆ. ಅದನ್ನು ಸೇವಿಸಿದವರಿಗೆ ಬಿಯರು ಸಪ್ಪೆಯೆನಿಸುವುದು ಪರ್ವತಾರೋಹಿಗಳಿಗೆ ಮೊದಲಿನಿಂದಲೂ ಗೊತ್ತಿತ್ತು. ತಂಪಿನ ಪ್ರಭಾವವೂ ಇಂಥದೇ. ಸಿಹಿಯನ್ನು ಮಿದುಳಿಗೆ ತಿಳಿಸುವ ಕಾರ್ಯದಲ್ಲಿ ಪಾಲುಗೊಳ್ಳುವ ಪ್ರೋಟೀನೊಂದು ಉಷ್ಣತೆ ಏರಿದಂತೆ ಚುರುಕಾಗುತ್ತದೆಂದು 2005ರಲ್ಲಿ ತೋರಿಸಲಾಯಿತು. ಕರಗಿದ ಐಸ್‌ಕ್ರೀಮು ವಿಪರೀತ ಸಿಹಿಯಾಗಿ ತೋರುವುದು ಇದರಿಂದಲೇ. ಮಾಲ್ಟಿನ ಸವಿಯು ತಣ್ಣನೆಯ ಬಿಯರಿನಲ್ಲಿ ಮರೆಯಾಗುತ್ತದೆ. ನೆಲಮಾಳಿಗೆಯ ಉಷ್ಣತೆಯಲ್ಲಿ ಮುಂದೆ ಬರುತ್ತದೆ. ಪರಿಮಳದ್ರವ್ಯಗಳ ಆವಿಯ ಒತ್ತಡವಾದರೋ 3 ಡಿಗ್ರಿಯಿಂದ 13 ಡಿಗ್ರಿಗೆ ಹೋದರೆ ಸ್ಥೂಲವಾಗಿ ಎರಡರಷ್ಟಾಗುತ್ತದೆ. ತಣ್ಣಗೆ ಕುಡಿಯುವ ಬಿಯರಿಗೆ ಹಾಪನ್ನು ಧಾರಾಳವಾಗಿ ಹಾಕಬೇಕಾಗಿ ಬರುವುದಕ್ಕೆ ಇದೂ ಒಂದು ಕಾರಣವೆಂದು ನಮಗೆ ತೋರುತ್ತದೆ.

ಇದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಅಮೆರಿಕದ ಪೇಲ್ ಏಲ್ ಸೀಸೆಯೊಂದನ್ನು ಹೊರಗಿಟ್ಟು 12 ಡಿಗ್ರಿಗೆ ಬರಲು ಬಿಟ್ಟು, ನಾವು ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಎತ್ತಿ ಸುರಿದು ಆರಿಸುವಂತೆ ಎರಡು ಪಾತ್ರೆಗಳ ನಡುವೆ ನಾಲ್ಕಾರು ಸಲ ಸುರಿಯಬೇಕು. ಅನಿಲವು ಬಹುಪಾಲು ಹೊರಟುಹೋಗುತ್ತದೆ. ಇಂಗ್ಲೆಂಡಿನವನಿಗೆ ಅದು ಥಟ್ಟನೆ ಪರಿಚಿತವೆನಿಸೀತು. ಇಂಗ್ಲೆಂಡಿನ ಉತ್ತರಭಾಗದವರು ಪಂಪಿನ ತುದಿಗೆ ಸಣ್ಣ ತೂತುಗಳ ಮೂತಿಯೊಂದನ್ನು ತೊಡಿಸಿ ಇದೇ ಕೆಲಸವನ್ನು ಮಾಡಿ ಕೆನೆಯಂಥ ನೊರೆಯನ್ನು ಬರಿಸುತ್ತಾರೆ. ದಕ್ಷಿಣದವರಿಗೆ ಅದನ್ನು ಕಂಡರಾಗದು. ತವರಿನಲ್ಲಿಯೇ ಒಮ್ಮತವಿಲ್ಲವೆಂಬುದನ್ನು ಹೊರನಾಡಿನ ಬ್ರಿಟಿಷರು ಅನುಕೂಲವಾಗಿ ಮರೆಯುತ್ತಾರೆ!

ಈ ಪರೀಕ್ಷೆಯಿಂದ ಹೋಗದೆ ಉಳಿಯುವ ವ್ಯತ್ಯಾಸವು ಹಾಪಿನದು. ಇಂಗ್ಲೆಂಡಿನ ಫಗಲ್ ಮತ್ತು ಗೋಲ್ಡಿಂಗ್ ತಳಿಗಳಿಗೆ ಮಣ್ಣು, ಒಣಹುಲ್ಲು, ಜೇನುಗಳನ್ನು ನೆನಪಿಗೆ ತರುವ ಮೆಲುವಾದ ವಾಸನೆಯಿದೆ. ಅಮೆರಿಕದ ಕ್ರಾಫ್ಟ್ ಬಿಯರಿಗೆ ಗುರುತನ್ನು ಕೊಟ್ಟ ಕ್ಯಾಸ್ಕೇಡ್ ತಳಿಯು 1972ರಲ್ಲಿ ಬಿಡುಗಡೆಯಾಯಿತು. ಅದರ ವಾಸನೆಯನ್ನು ಗ್ರೇಪ್‌ಫ್ರೂಟ್ ಹಣ್ಣಿಗೆ ಹೋಲಿಸುತ್ತಾರೆ. ಆ ಹಣ್ಣು ಚಕ್ಕೋತ ಮತ್ತು ಕಿತ್ತಳೆಗಳ ಮಿಶ್ರಸಂತಾನವಾದುದರಿಂದ, ದೇವನಹಳ್ಳಿಯ ಚಕ್ಕೋತವನ್ನು ಸುಲಿದು ಬಲ್ಲವರು ಆ ವಾಸನೆಯನ್ನು ಊಹಿಸಬಲ್ಲರು. ಕ್ಯಾಸ್ಕೇಡಿನ ವಂಶವೃಕ್ಷವನ್ನು ನೋಡಿದರೆ ಅದರ ತಾಯಿಯ ಕಡೆಯಲ್ಲಿ ಇಂಗ್ಲೆಂಡಿನ ಫಗಲ್ಲೇ ಇದೆ. ದೂರಿಗೆ ಗುರಿಯಾದ ಹೂ ದೂರುವವರ ನೆಂಟನೇ ಆಗಿದೆ.

ನೆಂಟಸ್ತಿಕೆ ಅಲ್ಲಿಗೇ ಮುಗಿಯುವುದಿಲ್ಲ. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿರೋಧವಿದ್ದು, ಆ ಬಳಿಕ ದೊಡ್ಡ ಕಂಪನಿಗಳ ತಿಳಿಯಾದ ಲಾಗರ್ ಬಿಯರು ದೇಶವನ್ನೆಲ್ಲ ಆವರಿಸಿತು. 1970ರ ದಶಕದ ಕೊನೆಗೆ ಬ್ರೂವರಿಗಳ ಸಂಖ್ಯೆ ನೂರಕ್ಕಿಂತ ಕಡಿಮೆಯಾಗಿತ್ತು. ಅದೇ ಕಾಲದಲ್ಲಿ, ಅಮೆರಿಕದ ನೌಕಾಪಡೆಯಲ್ಲಿದ್ದು ಸ್ಕಾಟ್ಲೆಂಡಿನಲ್ಲಿ ಸೇವೆ ಸಲ್ಲಿಸಿದ್ದ ಜ್ಯಾಕ್ ಮೆಕಾಲಿಫ್ ಎಂಬವರು ಅಲ್ಲಿ ಸವಿದ ಏಲನ್ನು ಮರೆಯಲಾರದೆ, 1976ರಲ್ಲಿ ಕ್ಯಾಲಿಫೋರ್ನಿಯದ ಸೊನೋಮದಲ್ಲಿ ನ್ಯೂ ಆಲ್ಬಿಯನ್ ಎಂಬ ಪುಟ್ಟ ಬ್ರೂವರಿಯನ್ನು ತೆರೆದರು. ಅದು 1982ರಲ್ಲಿ ಮುಚ್ಚಿಹೋಯಿತು. ಆದರೆ ಅದರ ಮಾದರಿ ಉಳಿಯಿತು. 1980ರಲ್ಲಿ ಆರಂಭವಾದ ಸಿಯೆರ ನೆವಾಡ ಬ್ರೂವರಿಯ ಪೇಲ್ ಏಲ್ ಕ್ಯಾಸ್ಕೇಡಿನ ವಾಸನೆಯನ್ನು ದೇಶದಲ್ಲೆಲ್ಲ ಹರಡಿತು. 2023ರ ಹೊತ್ತಿಗೆ ಬ್ರೂವರಿಗಳು ಒಂಬತ್ತು ಸಾವಿರವನ್ನು ಮೀರಿದ್ದವು. ಇತ್ತ ಬ್ರಿಟನ್ನಿನಲ್ಲಿಯೂ ಅನಿಲ ತುಂಬಿದ ಲೋಹದ ಪೀಪಾಯಿಯು ಹಳೆಯ ಪದ್ಧತಿಯನ್ನು ಹೊರದೂಡುತ್ತಿದ್ದಿತು. ಅದನ್ನು ತಡೆಯಲು 1971ರಲ್ಲಿ ಕುಡಿಯುವವರೇ ‘ಕ್ಯಾಮ್ರಾ’ ಎಂಬ ಸಂಘವನ್ನು ಕಟ್ಟಬೇಕಾಯಿತು.

‘ಇಂಡಿಯಾ ಪೇಲ್ ಏಲ್’ ಎಂಬ ಹೆಸರು ನಮ್ಮ ದೇಶವನ್ನು ಈ ಕಥೆಗೆ ತಂದಿದೆ. ಭಾರತದಲ್ಲಿದ್ದ ಇಂಗ್ಲಿಷರಿಗಾಗಿ ಹಡಗಿನಲ್ಲಿ ಬರುತ್ತಿದ್ದ, ಹಾಪ್ ಹೆಚ್ಚಾಗಿದ್ದ ಏಲಿಗೆ ಆ ಹೆಸರು ಬಂದಿತು. ಅಂದಿನ ಹೊರನಾಡಿಗರೂ ತವರಿನ ಬಿಯರಿಗಾಗಿ ಹಂಬಲಿಸಿದವರೇ. ಇಂಗ್ಲೆಂಡಿನಲ್ಲಿ 1880ರಿಂದ 1993ರವರೆಗೆ ತೆರಿಗೆಯನ್ನು ಹುದುಗುವ ಮೊದಲಿನ ಸಿಹಿನೀರಿನ ಸಾಂದ್ರತೆಯ ಮೇಲೆ ವಿಧಿಸುತ್ತಿದ್ದರು. ಇದರೊಡನೆ ಮೊದಲನೆಯ ಮಹಾಯುದ್ಧದ ಧಾನ್ಯದ ಕೊರತೆಯೂ ಸೇರಿ ಬಿಯರುಗಳೆಲ್ಲ ತೆಳುವಾದವು. ಆ ಹೆಸರನ್ನು ಹೊತ್ತ ಕೆಲವು ಇಂಗ್ಲಿಷ್ ಬಿಯರುಗಳಲ್ಲಿ ಇಂದು ಮದ್ಯಸಾರವು ಶೇಕಡ 4ಕ್ಕಿಂತಲೂ ಕಡಿಮೆ. ಅಮೆರಿಕದ ಐ.ಪಿ.ಎ. ಶೇಕಡ 6 ಅಥವಾ 7ನ್ನು ಮುಟ್ಟುತ್ತದೆ. ಇಲ್ಲಿ ಅಳತೆಯ ತೊಡಕೂ ಇದೆ. ಬ್ರಿಟಿಷ್ ಪೈಂಟ್ 568 ಮಿಲಿಲೀಟರು, ಅಮೆರಿಕದ್ದು 473. ಗ್ಲಾಸು ಚಿಕ್ಕದೆಂದು ಗೊಣಗುವ ಬ್ರಿಟಿಷನು ಲೆಕ್ಕ ಹಾಕಲಿ: ಶೇಕಡ 4ರ ತವರಿನ ಪೈಂಟಿನಲ್ಲಿ ಮದ್ಯಸಾರ ಸುಮಾರು 23 ಮಿಲಿಲೀಟರು, ಶೇಕಡ 6.5ರ ಅಮೆರಿಕದ ಪೈಂಟಿನಲ್ಲಿ ಸುಮಾರು 31. ತವರಿನ ಲೆಕ್ಕದಂತೆ ಗ್ಲಾಸುಗಳನ್ನು ಎಣಿಸಿ ಕಾರನ್ನು ಹತ್ತುವವನಿಗೆ ಇದು ಪ್ರಾಣದ ಪ್ರಶ್ನೆ.

ಹಾಗಾದರೆ ತವರಿನ ಬಿಯರನ್ನೇ ತರಿಸಿಕೊಳ್ಳಬಾರದೇಕೆ? ತರಿಸುವುದು ಸೀಸೆಗಳಲ್ಲಿ. ಸೀಸೆಯ ಏಲನ್ನು ಬಹುಮಟ್ಟಿಗೆ ಸೋಸಿ, ಯೀಸ್ಟನ್ನು ನೀಗಿ, ಅನಿಲವನ್ನು ಒತ್ತಿ ತುಂಬಿರುತ್ತಾರೆ. ಹೆಸರು ತವರಿನದಾದರೂ ಅದರ ಭೌತಸ್ಥಿತಿ ಅಮೆರಿಕದ ಬಿಯರಿಗೇ ಹತ್ತಿರ. ಪೀಪಾಯಿಯ ಏಲು ಪ್ರಯಾಣಕ್ಕೆ ಒಗ್ಗದು. ಯೀಸ್ಟಿನ ಕಣದ ವ್ಯಾಸ ಮಿಲಿಮೀಟರಿನ ಸಾವಿರದ ಐದಾರು ಭಾಗ ಮಾತ್ರ. ಸ್ಟೋಕ್ಸರ ನಿಯಮದಂತೆ ಲೆಕ್ಕ ಹಾಕಿದರೆ ಅದು ಗಂಟೆಗೆ ಎರಡು ಮೂರು ಮಿಲಿಮೀಟರಿನಷ್ಟು ಇಳಿಯುತ್ತದೆ. ಆಗ ಪೀಪಾಯಿ ತಿಳಿಯಾಗಲು ಹಲವು ದಿನಗಳೇ ಬೇಕು. ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್ ಎಂಬ ಅಂಟನ್ನು ಬೆರಸಿದರೆ ಋಣವಿದ್ಯುದಂಶವಿರುವ ಯೀಸ್ಟ್ ಕಣಗಳು ಅದಕ್ಕಂಟಿ ಮುದ್ದೆಗಟ್ಟುತ್ತವೆ. ಇಳಿಯುವ ವೇಗವು ತ್ರಿಜ್ಯದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, ಹತ್ತುಪಟ್ಟು ದೊಡ್ಡ ಮುದ್ದೆಯು ನೂರುಪಟ್ಟು ಬೇಗ ತಳ ಸೇರುತ್ತದೆ. ಪೀಪಾಯಿಯನ್ನು ಅಲುಗಿಸಿದರೆ ಮತ್ತೆ ಎಲ್ಲವೂ ಕದಡಿತು. ತೆರೆದ ಮೇಲಂತೂ ಹೊರಗಿನ ಗಾಳಿಯ ಆಮ್ಲಜನಕ ಒಳಹೊಕ್ಕು ಮೂರು ನಾಲ್ಕು ದಿನಗಳಲ್ಲಿ ರುಚಿ ಕೆಡುತ್ತದೆ.

ಏಲು ಪ್ರಯಾಣ ಮಾಡದಿದ್ದರೂ ವಿದ್ಯೆ ಪ್ರಯಾಣ ಮಾಡಿದೆ. ಇಂಗ್ಲೆಂಡಿನಿಂದ ಬಂದ ಡೇವಿಡ್ ವಾಕರ್ ಎಂಬವರು ತಮ್ಮ ಭಾವಮೈದುನ ಆಡಂ ಫೈರ್‌ಸ್ಟೋನರೊಡನೆ ಕ್ಯಾಲಿಫೋರ್ನಿಯದಲ್ಲಿ 1996ರಲ್ಲಿ ಸ್ಥಾಪಿಸಿದ ಬ್ರೂವರಿಯು, ಬರ್ಟನ್ ನಗರದ ‘ಯೂನಿಯನ್’ ಎಂಬ ಪದ್ಧತಿಯಿಂದ ಸ್ಫೂರ್ತಿಗೊಂಡು ಓಕ್ ಮರದ ಪೀಪಾಯಿಗಳಲ್ಲಿ ಏಲನ್ನು ಹುದುಗಿಸತೊಡಗಿತು. ಆ ಪದ್ಧತಿಯ ಮೂಲಸ್ಥಾನವಾದ ಬರ್ಟನ್ನಿನಲ್ಲಿಯೇ ಅದು 2024ರಲ್ಲಿ ನಿಂತುಹೋಯಿತು. ಆಗ ನ್ಯೂಯಾರ್ಕಿನ ಬ್ರೂಕ್ಲಿನ್ ಬ್ರೂವರಿಯ ಗ್ಯಾರೆಟ್ ಆಲಿವರರ ಪ್ರಯತ್ನದಿಂದ ಒಂದು ಜೋಡಣೆಯು ಡಾರ್ಬಿಷೈರಿನ ಥಾರ್ನ್‌ಬ್ರಿಜ್ ಬ್ರೂವರಿಗೆ ಹೋಗಿ ಉಳಿಯಿತು.

ಅಮೆರಿಕದ ಕೆಲವು ಪಾನಗೃಹಗಳಲ್ಲಿಯೂ ಈಗ ಕೈಪಂಪಿನ ಏಲು ಸಿಗುತ್ತದೆ. ಅಲ್ಲಿಯ ತೊಡಕು ಕೇವಲ ಗಿರಾಕಿಗಳ ಸಂಖ್ಯೆಯದು. ಫರ್ಕಿನ್ ಎಂಬ ವಾಡಿಕೆಯ ಪೀಪಾಯಿಯಲ್ಲಿ 9 ಬ್ರಿಟಿಷ್ ಗ್ಯಾಲನ್, ಎಂದರೆ 72 ಬ್ರಿಟಿಷ್ ಪೈಂಟ್ ಹಿಡಿಯುತ್ತದೆ. ಮೂರು ದಿನಗಳಲ್ಲಿ ಅದು ಬರಿದಾಗಬೇಕು. ಅಷ್ಟು ಜನ ಬ್ರಿಟಿಷರಿಲ್ಲದ ಊರಿನಲ್ಲಿ ಪಾನಗೃಹದವನು ವಾರಕ್ಕೊಂದು ಸಂಜೆಯನ್ನು ಗೊತ್ತುಮಾಡಿ, ಪೀಪಾಯಿಯನ್ನು ಅಂದೇ ತೆರೆದು ಅಂದೇ ಮುಗಿಸುತ್ತಾನೆ.