ಮೂತ್ರಪಿಂಡದ ಸೋಂಕು: ಔಷಧಗಳ ತೂಕ ನೋಡುವ ಬಗೆ

ಬೆನ್ನೆಲುಬಿನ ಇಕ್ಕೆಲಗಳಲ್ಲಿರುವ ಮೂತ್ರಪಿಂಡಗಳು ಹಗಲಿರುಳೂ ನಮ್ಮ ರಕ್ತವನ್ನು ಶೋಧಿಸುತ್ತಿರುತ್ತವೆ. ಈ ಶೋಧಕಗಳನ್ನೇ ರೋಗಾಣುಗಳು ಮುತ್ತಿದರೆ ಗತಿಯೇನು? ಕರುಳಿನಲ್ಲಿ ವಾಸಿಸುವ ಈ. ಕೋಲೈ ಎಂಬ ಬ್ಯಾಕ್ಟೀರಿಯವೇ ಬಹುಮಟ್ಟಿಗೆ ಮೂತ್ರಮಾರ್ಗವಾಗಿ ಮೇಲೇರಿ ಈ ಕೇಡನ್ನು ಮಾಡುತ್ತದೆ. ಚಳಿಜ್ವರ, ಪಕ್ಕೆನೋವು, ಉರಿಮೂತ್ರಗಳು ಇದರ ಲಕ್ಷಣಗಳು.

ಇದನ್ನು ಅಡಗಿಸುವ ಪ್ರತಿಜೀವಕ ಔಷಧಗಳು ಹಲವಿವೆ. ಅವುಗಳಲ್ಲಿ ಯಾವುದು ಮೇಲೆಂಬುದನ್ನು ಪ್ರಯೋಗಶಾಲೆಯಲ್ಲಿ ಹೇಗೆ ನಿರ್ಣಯಿಸುತ್ತಾರೆ? ಒಂದೇ ತಳಿಯ ಇಲಿಗಳಿಗೆ ಒಂದೇ ಪ್ರಮಾಣದ ರೋಗಾಣುಗಳನ್ನು ತಗುಲಿಸಿ, ಅವನ್ನು ಗುಂಪುಗಳಾಗಿ ವಿಂಗಡಿಸುತ್ತಾರೆ. ಗುಂಪಿಗೊಂದು ಔಷಧ, ಒಂದು ಗುಂಪಿಗೆ ಮಾತ್ರ ಔಷಧವೇ ಇಲ್ಲ. ಈ ಗುಂಪೇ ತಕ್ಕಡಿಯ ಮುಳ್ಳು. 1940ರ ಮೇ 25ರಂದು ಆಕ್ಸ್‌ಫರ್ಡಿನಲ್ಲಿ ಹೋವರ್ಡ್ ಫ್ಲೋರಿಯವರ ತಂಡವು ಎಂಟು ಇಲಿಗಳಿಗೆ ಮಾರಕ ರೋಗಾಣುಗಳನ್ನು ಚುಚ್ಚಿ, ನಾಲ್ಕಕ್ಕೆ ಮಾತ್ರ ಪೆನಿಸಿಲಿನ್ ಕೊಟ್ಟಿತು. ಬೆಳಗಾಗುವಷ್ಟರಲ್ಲಿ ಔಷಧ ಪಡೆಯದ ನಾಲ್ಕೂ ಸತ್ತಿದ್ದವು. ಪಡೆದ ನಾಲ್ಕೂ ಜೀವಂತವಾಗಿದ್ದವು. ಹೋಲಿಕೆಯಿಲ್ಲದಿದ್ದರೆ ಆ ಔಷಧದ ಮಹಿಮೆ ಅಷ್ಟು ಸ್ಪಷ್ಟವಾಗುತ್ತಿರಲಿಲ್ಲ.

ಮೂತ್ರಪಿಂಡದ ವಿಷಯದಲ್ಲಿ ಜೀವ ಉಳಿಯಿತೆಂದರೆ ಸಾಲದು. ಮೂತ್ರದಲ್ಲಿ ಔಷಧವು ಸಾಂದ್ರವಾಗಿ ಸೇರುವುದರಿಂದ ಮೂತ್ರವು ಬೇಗನೆ ಶುದ್ಧವಾಗಬಹುದು. ಪಿಂಡದೊಳಗೆ ರೋಗಾಣುಗಳು ಇನ್ನೂ ಅಡಗಿರಬಹುದು. ಆದುದರಿಂದ ಸಂಶೋಧಕರು ಮೂತ್ರಪಿಂಡವನ್ನೇ ತೆಗೆದು ಅರೆದು, ಪೋಷಕದ್ರವ್ಯವಿರುವ ತಟ್ಟೆಯಲ್ಲಿ ಹರಡಿ, ರೋಗಾಣುಗಳು ಬೆಳೆದು ಮೂಡಿಸಿದ ಚುಕ್ಕೆಗಳನ್ನು ಎಣಿಸುತ್ತಾರೆ.

ಔಷಧಗಳ ಸ್ವಭಾವವೂ ಬೇರೆ ಬೇರೆ. ಆಂಪಿಸಿಲಿನ್ ಕೆಲವೇ ಗಂಟೆಗಳಲ್ಲಿ ಹೊರಟುಹೋಗುತ್ತದೆ. ಮತ್ತೆ ಮತ್ತೆ ಕೊಡಬೇಕು. 1963ರಲ್ಲಿ ಬೆಳಕಿಗೆ ಬಂದ ಜೆಂಟಮೈಸಿನ್ ಮೂತ್ರಪಿಂಡದ ಹೊರಭಾಗದಲ್ಲಿ ದಿನಗಟ್ಟಲೆ ನೆಲೆಸುತ್ತದೆ. ಆದರೆ ಹಾಗೆ ನೆಲೆಸುವುದರಿಂದಲೇ ಅಲ್ಲಿನ ಜೀವಕೋಶಗಳಿಗೆ ಹಾನಿಯೂ ಆಗಬಹುದು. ಗುಣದೊಡನೆ ದೋಷವನ್ನೂ ತೂಗಬೇಕು.

ಇನ್ನೊಂದು ಮುಖ್ಯ ಸಂಗತಿಯನ್ನೂ ಈ ಪ್ರಯೋಗಗಳು ತೋರಿಸಿಕೊಟ್ಟಿವೆ. ಚಿಕಿತ್ಸೆ ತಡವಾದರೆ ರೋಗಾಣುಗಳು ಸತ್ತರೂ ಮೂತ್ರಪಿಂಡದಲ್ಲಿ ಗಾಯದ ಕಲೆ ಉಳಿಯುತ್ತದೆ. ಕಲೆಯಾದ ಭಾಗವು ಮತ್ತೆ ಕೆಲಸಕ್ಕೆ ಬಾರದು. ಎಷ್ಟು ಒಳ್ಳೆಯ ಔಷಧವೂ ಕಳೆದ ಕಾಲವನ್ನು ಮರಳಿಸಲಾರದು.

ಮಕ್ಕಳಿಗೆ ಕಾರಣ ತಿಳಿಯದ ಜ್ವರ ಬಂದಾಗ ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯುವುದು, ಅವರು ಹೇಳಿದರೆ ಮೂತ್ರಪರೀಕ್ಷೆ ಮಾಡಿಸುವುದು, ಜ್ವರ ಇಳಿದೊಡನೆ ಔಷಧವನ್ನು ನಿಲ್ಲಿಸದೆ ಅವರು ಹೇಳಿದಷ್ಟು ದಿನ ಮುಗಿಸುವುದು ಹಿರಿಯರ ಕರ್ತವ್ಯ. ಮೂಕಪ್ರಾಣಿಗಳ ಪ್ರಾಣವನ್ನು ತೆತ್ತು ಪಡೆದ ಈ ತಿಳಿವಳಿಕೆಯನ್ನು ನಾವು ವ್ಯರ್ಥಗೊಳಿಸಬಾರದು.